ಸಂತೆಯ ದಿನ ಹೋಗಿ, ಆಟ ಮುಗಿಸಿ ಬನ್ನಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಬರುವವರಲ್ಲಿ ಹೆಚ್ಚಿನವರು ಈ ಊರುಗಳ ಪೇಟೆಯನ್ನು ಕಾರಿನ ಕಿಟಕಿಯಿಂದಷ್ಟೇ ನೋಡಿರುತ್ತಾರೆ. ಮಠದ ಮುಂದೆ ಇಳಿದು ದರ್ಶನ ಮಾಡುತ್ತಾರೆ, ಸಿರಿಮನೆ ಜಲಪಾತದಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ, ರಾತ್ರಿ ತೋಟದ ನಡುವಿನ ಹೋಂಸ್ಟೇ ಸೇರುತ್ತಾರೆ. ಬೀದಿ ತಿಂಡಿ, ರಾತ್ರಿ ಸುತ್ತಾಟ, ಖರೀದಿ ಎಂದರೆ ಬೆಂಗಳೂರು, ಮೈಸೂರು ಎಂದೇ ನಮ್ಮ ಲೆಕ್ಕ. ಆದರೆ ಈ ಮೂರು ತಾಲ್ಲೂಕು ಕೇಂದ್ರಗಳಲ್ಲಿ ಎರಡು ರಾತ್ರಿ, ಮೂರು ಹಗಲು ಪೇಟೆಗಾಗಿಯೇ ಕಳೆಯಬಹುದು. ಷರತ್ತು ಒಂದೇ. ಇಲ್ಲಿನ ಪೇಟೆ ತನ್ನದೇ ಗಡಿಯಾರದಲ್ಲಿ ನಡೆಯುತ್ತದೆ, ನಮ್ಮ ಯೋಜನೆ ಅದಕ್ಕೆ ಹೊಂದಿಕೊಳ್ಳಬೇಕು.

ಮೊದಲು ವಾರ ಗೊತ್ತುಮಾಡಿಕೊಳ್ಳಿ

ರೂಮು ಬುಕ್ ಮಾಡುವ ಮೊದಲೇ ಒಂದು ಫೋನು ಮಾಡಿ, ಸಂತೆ ಯಾವ ವಾರ ಎಂದು ಕೇಳಿ. ಮಲೆನಾಡಿನ ಪೇಟೆಗೆ ವಾರದಲ್ಲಿ ಒಂದು ದಿನ ಜೀವ ತುಂಬುತ್ತದೆ, ಅದು ಸಂತೆಯ ದಿನ. ಉಳಿದ ದಿನ ಮಧ್ಯಾಹ್ನದ ಹೊತ್ತಿಗೆ ಅಂಗಡಿಯವರೂ ಊಟಕ್ಕೆ ಎದ್ದು ಹೋಗುವಷ್ಟು ಸಾವಕಾಶ. ಲಾಡ್ಜಿನವರನ್ನೋ ಪರಿಚಯದವರನ್ನೋ ಕೇಳಿ ವಾರ ಖಚಿತಪಡಿಸಿಕೊಂಡು, ಸಂತೆ ಇರುವ ಊರಿನಿಂದಲೇ ಪ್ರವಾಸ ಶುರುಮಾಡಿ. ಹಬ್ಬ, ಜಾತ್ರೆ ಬಂದರೆ ಸಂತೆ ಒಂದು ದಿನ ಆಚೀಚೆ ಆಗುವುದುಂಟು, ಅದನ್ನೂ ಕೇಳಿಕೊಳ್ಳಿ.

ಕಾಲದ ಮಾತಿಗೆ ಬಂದರೆ, ನನ್ನ ಆಯ್ಕೆ ಡಿಸೆಂಬರಿನಿಂದ ಫೆಬ್ರವರಿಯವರೆಗೆ. ಆಗ ಅಡಿಕೆ ಕೊಯ್ಲು ಕೊನೆಯಲ್ಲಿರುತ್ತದೆ, ಅರೇಬಿಕಾ ಕಾಫಿ ಕಣದಲ್ಲಿ ಒಣಗುತ್ತಿರುತ್ತದೆ, ಕಾಳುಮೆಣಸು ಕೊಯ್ಲಿಗೆ ಬರುತ್ತಿರುತ್ತದೆ. ಕೈಯಲ್ಲಿ ಕಾಸು ಓಡಾಡುವ ಕಾಲವಾದ್ದರಿಂದ ಪೇಟೆಯೂ ತುಂಬಿರುತ್ತದೆ. ದೀಪಾವಳಿಯ ಸುಮಾರಿಗೆ ತಿರುಗಾಟಕ್ಕೆ ಹೊರಟ ಯಕ್ಷಗಾನ ಮೇಳಗಳು ಮೇ ತಿಂಗಳವರೆಗೆ ಊರೂರಲ್ಲಿ ಇರುತ್ತವೆ. ಡಿಸೆಂಬರಿನಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಶೃಂಗೇರಿಯನ್ನು ತುಂಬುವುದರಿಂದ ಅಲ್ಲಿಗೆ ಶನಿವಾರ, ಭಾನುವಾರ ತಪ್ಪಿಸುವುದು ಒಳ್ಳೆಯದು. ತಿಂಡಿಯೇ ಮುಖ್ಯ ಎನ್ನುವವರು ಮಾತ್ರ ಕೊಡೆ ಹಿಡಿದು ಜುಲೈ, ಆಗಸ್ಟಿನಲ್ಲಿ ಬನ್ನಿ. ಕಳಲೆ, ಪತ್ರೊಡೆ, ಹಲಸಿನ ಕಡುಬಿನ ಕಾಲ ಅದು.

ತಲುಪುವುದು, ತಂಗುವುದು

ಬೆಂಗಳೂರಿನಿಂದ ರಾತ್ರಿ ಹೊರಟ ಬಸ್ಸು ಬೆಳಗಿನ ಜಾವಕ್ಕೆ ಕೊಪ್ಪ ಮುಟ್ಟಿಸುತ್ತದೆ. ರೈಲಿನಲ್ಲಿ ಬರುವುದಾದರೆ ಶಿವಮೊಗ್ಗದವರೆಗೆ ಬಂದು ಬಸ್ಸು ಹಿಡಿಯಬೇಕು. ವಿಮಾನಕ್ಕೂ ಈಗ ಶಿವಮೊಗ್ಗವೇ ಹತ್ತಿರ. 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಆ ನಿಲ್ದಾಣಕ್ಕೆ ಕುವೆಂಪು ಅವರ ಹೆಸರಿದೆ. ಕವಿ 1904ರ ಡಿಸೆಂಬರ್ 29ರಂದು ಹುಟ್ಟಿದ್ದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ, ಅಂದರೆ ಇದೇ ಕೊಪ್ಪ ತಾಲ್ಲೂಕಿನಲ್ಲಿ.

ತಂಗಲು ಕೊಪ್ಪವನ್ನೇ ಆರಿಸಿಕೊಳ್ಳಿ. ಶೃಂಗೇರಿ ಒಂದು ದಿಕ್ಕಿಗೆ, ನರಸಿಂಹರಾಜಪುರ (ಎನ್.ಆರ್. ಪುರ) ಇನ್ನೊಂದು ದಿಕ್ಕಿಗೆ, ಎರಡೂ ಬಸ್ಸಿನಲ್ಲಿ ಒಂದು ತಾಸಿನ ಆಚೀಚಿನ ದಾರಿ. ಸ್ವಂತ ಕಾರಿದ್ದರೂ ಪೇಟೆಯೊಳಗೆ ಅದನ್ನು ಮರೆತುಬಿಡಿ, ಸಂತೆಯ ದಿನ ನಿಲ್ಲಿಸಲು ಜಾಗ ಸಿಗುವುದಿಲ್ಲ. ಒಳರಸ್ತೆಗಳಲ್ಲಿ ಹೆಚ್ಚಾಗಿ ಓಡುವುದು ಖಾಸಗಿ ಬಸ್ಸು. 2023ರ ಜೂನ್‌ನಿಂದ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಇವುಗಳಿಗೆ ಅನ್ವಯಿಸುವುದಿಲ್ಲ. ಚಿಲ್ಲರೆ ಇಟ್ಟುಕೊಂಡಿರಿ.

ಬಸ್ಸಿನ ಮಾತು ಬಂದಾಗ ಕೊಪ್ಪದ ‘ಸಹಕಾರ ಸಾರಿಗೆ’ಯನ್ನು ನೆನೆಯದೆ ಮುಂದೆ ಹೋಗಲಾರೆ. 1991ರಲ್ಲಿ ಕೆಲಸ ಕಳೆದುಕೊಂಡ ಬಸ್ ಕಾರ್ಮಿಕರು ತಾವೇ ಒಡೆಯರಾಗಿ ಕಟ್ಟಿದ ಸಂಸ್ಥೆ ಅದು. ಸರಿಯಾದ ರಸ್ತೆಯಿಲ್ಲದ ಹಳ್ಳಿಗೂ ಬಸ್ಸು ಕಳಿಸಿತು. 2020ರಲ್ಲಿ ಓಡಾಟ ನಿಲ್ಲಿಸಿತು. ಸಂತೆಗೆ ಬುಟ್ಟಿ ಹೊತ್ತು ಬರುತ್ತಿದ್ದ ಎಷ್ಟೋ ಹೆಂಗಸರಿಗೆ ಆ ಬಸ್ಸೇ ದಾರಿಯಾಗಿತ್ತು. ಕೊಪ್ಪದ ನಿಲ್ದಾಣದಲ್ಲಿ ಹಿರಿಯರ ಜೊತೆ ಮಾತಿಗೆ ಕೂತರೆ ಇಂದಿಗೂ ಆ ಮಾತು ಬರುತ್ತದೆ.

ಮೊದಲ ದಿನ: ಸಂತೆ

ಬೆಳಿಗ್ಗೆ ಲಾಡ್ಜಿನಲ್ಲಿ ತಿಂಡಿ ತಿನ್ನಬೇಡಿ. ಬಸ್ ನಿಲ್ದಾಣದ ಸುತ್ತಲಿನ ಹೋಟೆಲುಗಳಲ್ಲಿ ಕಡುಬು, ಬನ್ಸ್, ನೀರುದೋಸೆ ಬಿಸಿಯಾಗಿ ಸಿಗುವುದು ಒಂಬತ್ತೂವರೆ ಒಳಗೆ. ಅಕ್ಕಿ ರೊಟ್ಟಿ ಇದೆಯೇ ಎಂದು ಕೇಳಿ ನೋಡಿ. ಮಲೆನಾಡಿನ ರೊಟ್ಟಿಗೆ ಹಿಟ್ಟನ್ನು ಕುದಿಯುವ ನೀರಿನಲ್ಲಿ ಉಕ್ಕರಿಸಿ, ನಾದಿ, ಲಟ್ಟಿಸಿ, ಕೆಂಡದ ಮೇಲೋ ಕಾವಲಿಯ ಮೇಲೋ ಉಬ್ಬಿಸುತ್ತಾರೆ. ತಟ್ಟಿದ ಈರುಳ್ಳಿ ರೊಟ್ಟಿ ಬೇರೆ, ಇದು ಬೇರೆ. ಮಾಂಸಾಹಾರಿಗಳು ಮಧ್ಯಾಹ್ನ ಇದೇ ರೊಟ್ಟಿಯನ್ನೋ ಕಡುಬನ್ನೋ ಕೋಳಿಸಾರಿನ ಜೊತೆ ಕೇಳಬೇಕು. ಕೊಪ್ಪದಲ್ಲಿ ಅಂಥ ಹೋಟೆಲುಗಳಿಗೆ ಬರವಿಲ್ಲ.

ಸಂತೆಗೆ ಹತ್ತರ ಹೊತ್ತಿಗೆ ಇಳಿಯಿರಿ. ಮೊದಲ ಸುತ್ತಿನಲ್ಲಿ ಏನೂ ಕೊಳ್ಳದೆ ಬರೀ ನೋಡಿ. ಸಂತೆಯಲ್ಲಿ ಎರಡು ಬಗೆಯ ವ್ಯಾಪಾರ ನಡೆಯುತ್ತದೆ. ಟೆಂಪೊದಲ್ಲಿ ಬಂದ ಬಯಲುಸೀಮೆಯ ಟೊಮೆಟೊ, ಈರುಳ್ಳಿ, ಬಟ್ಟೆ, ಪ್ಲಾಸ್ಟಿಕ್ ಒಂದು ಕಡೆ. ಅವೆಲ್ಲ ನಿಮ್ಮ ಊರಿನಲ್ಲೂ ಸಿಗುತ್ತವೆ. ನೀವು ಹುಡುಕಬೇಕಾದ್ದು ಅಂಚಿನಲ್ಲಿ ಗೋಣಿ ಹಾಸಿ ಕೂತವರನ್ನು. ಅವರ ಮುಂದೆ ಇರುವುದು ಸ್ವಲ್ಪವೇ. ಎರಡು ಕಟ್ಟು ಕೆಸುವಿನ ಎಲೆ, ಒಣಗಿಸಿದ ವಾಟೆಹುಳಿ, ಒಂದು ಸೇರು ಸೂಜಿಮೆಣಸು, ನಾಲ್ಕು ಬಾಳೆಗೊನೆಯ ಚಿಪ್ಪು, ಕಾಲವಾದರೆ ಅಪ್ಪೆಮಿಡಿ. ಅಪ್ಪೆಮಿಡಿಯ ತೊಟ್ಟು ಮುರಿದರೆ ಸೊನೆ ಚಿಮ್ಮಬೇಕು, ಮೂಗಿನ ಹತ್ತಿರ ಹಿಡಿದರೆ ಜೀರಿಗೆಯದೋ ಕರ್ಪೂರದ್ದೋ ಪರಿಮಳ ಬರಬೇಕು. ತೊಟ್ಟು ಕಳಚಿದ ಮಿಡಿ ಉಪ್ಪಿನಕಾಯಿಗೆ ಬಾಳುವುದಿಲ್ಲ, ಬೇಗ ಕೊಳೆಯುತ್ತದೆ. ಇವರ ಹತ್ತಿರ ಯುಪಿಐ ಸ್ಕ್ಯಾನರ್ ಇದ್ದರೂ ನೆಟ್‌ವರ್ಕ್ ಇರುವ ಖಾತ್ರಿಯಿಲ್ಲ. ಹತ್ತು, ಇಪ್ಪತ್ತು, ಐವತ್ತರ ನೋಟು ಇರಲಿ. ಬಟ್ಟೆಯ ಚೀಲವೂ ಇರಲಿ, ಪ್ಲಾಸ್ಟಿಕ್ ಕೈಚೀಲ ರಾಜ್ಯದಲ್ಲಿ 2016ರಿಂದಲೇ ನಿಷೇಧ.

ಕತ್ತಲಾಗುತ್ತಿದ್ದಂತೆ ಸಂತೆ ಕರಗುತ್ತದೆ. ದೂರದ ಹಳ್ಳಿಗಳಿಗೆ ಕೊನೆಯ ಬಸ್ಸು ಬೇಗ ಹೊರಡುವುದರಿಂದ ಜನ ಕಾಯುವುದಿಲ್ಲ. ಐದರಿಂದ ಏಳರ ನಡುವೆ ಬೀದಿ ತಿಂಡಿಯ ಹೊತ್ತು. ಎಣ್ಣೆಯಿಂದ ಈಗಷ್ಟೇ ಎತ್ತಿದ ಗೋಳಿಬಜೆ, ಮೆಣಸಿನಕಾಯಿ ಬೋಂಡ, ಕಾಗದದ ಪೊಟ್ಟಣದಲ್ಲಿ ಚರುಮುರಿ. ಎಂಟಕ್ಕೆ ಹೆಚ್ಚಿನ ಅಂಗಡಿಗಳ ಬಾಗಿಲು ಬೀಳುತ್ತದೆ. ಊಟವನ್ನು ಅದಕ್ಕೂ ಮೊದಲೇ ಮುಗಿಸಿಕೊಳ್ಳಿ.

ರಾತ್ರಿ ಎಂದರೆ ಆಟ

ಇಲ್ಲಿ ‘ನೈಟ್‌ಲೈಫ್’ ಇಲ್ಲ ಎನ್ನುವವರು ಯಕ್ಷಗಾನ ಬಯಲಾಟ ನೋಡಿಲ್ಲ. ಸಂಜೆ ಊಟ ಮುಗಿಸಿ, ಚಾಪೆ ಸುತ್ತಿಕೊಂಡು, ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಗದ್ದೆಬಯಲಿಗೆ ಹೋಗಿ ಬೆಳಗಿನವರೆಗೆ ಕೂರುವ ರೂಢಿ ಈ ಸೀಮೆಯಲ್ಲಿ ತಲೆಮಾರುಗಳಿಂದ ಇದೆ. ಆಟ ಎಲ್ಲಿದೆ ಎಂದು ತಿಳಿಯಲು ಬಸ್ ನಿಲ್ದಾಣದ ಗೋಡೆಯ ಪೋಸ್ಟರ್ ನೋಡಿ, ಪತ್ರಿಕೆಯ ‘ಇಂದಿನ ಯಕ್ಷಗಾನ’ ಅಂಕಣ ನೋಡಿ, ಇಲ್ಲವೇ ಕ್ಷೌರದಂಗಡಿಯಲ್ಲಿ ಕೇಳಿ. ಹರಕೆಯ ಆಟಕ್ಕೆ ಟಿಕೆಟ್ ಇಲ್ಲ, ಯಾರು ಬೇಕಾದರೂ ಹೋಗಿ ಕೂರಬಹುದು. ಡೇರೆ ಮೇಳಕ್ಕೆ ಟಿಕೆಟ್ ಇದೆ.

ಹೋಗುವ ಮೊದಲು ಎರಡು ವಿಷಯ ಕೇಳಿಕೊಳ್ಳಿ. ಆಟ ಕಾಲಮಿತಿಯದೋ, ಬೆಳಗಿನವರೆಗಿನದೋ? ಪ್ರಸಂಗ ಯಾವುದು? ಕಾಲಮಿತಿಯಾದರೆ ನಡುರಾತ್ರಿಯ ಸುಮಾರಿಗೆ ಮುಗಿಯುತ್ತದೆ, ಮರಳಲು ವಾಹನ ಮೊದಲೇ ಗೊತ್ತುಮಾಡಿಕೊಂಡಿರಬೇಕು. ಅಷ್ಟು ಹೊತ್ತಿಗೆ ಬಸ್ಸೂ ಇಲ್ಲ, ಆಟೊವೂ ಇಲ್ಲ. ಬೆಳಗಿನವರೆಗಿನ ಆಟವಾದರೆ ಕಂಬಳಿ ಒಯ್ಯಿರಿ. ಜನವರಿಯ ರಾತ್ರಿ ಎರಡು ಗಂಟೆಗೆ ಮಂಜು ಇಳಿದು ಚಾಪೆ ಒದ್ದೆಯಾಗುತ್ತದೆ.

ಒಂಬತ್ತಕ್ಕೇ ತಲುಪಿದರೆ ವೇಷ ಕಟ್ಟುವ ಚೌಕಿಯ ಹೊರಗೆ ಸ್ವಲ್ಪ ಹೊತ್ತು ನಿಲ್ಲಿ. ವೇಷಧಾರಿ ನೆಲದ ಮೇಲೆ ಕಾಲು ಮಡಿಸಿ ಕೂತು, ಎಡಗೈಯಲ್ಲಿ ಸಣ್ಣ ಕನ್ನಡಿ ಹಿಡಿದು, ಕಡ್ಡಿಯ ತುದಿಯಿಂದ ಹಣೆಯ ನಾಮದ ಅಂಚು ತಿದ್ದುತ್ತಿರುತ್ತಾನೆ. ಮುಂದಲೆ ಕಟ್ಟುವಾಗ ಇನ್ನೊಬ್ಬ ಹಿಂದಿನಿಂದ ದಾರ ಬಿಗಿಯುತ್ತಾನೆ. ಎಷ್ಟು ಬಿಗಿ ಎಂದರೆ ಹುಬ್ಬು ಮೇಲಕ್ಕೆ ಎಳೆದುಕೊಳ್ಳುತ್ತದೆ. ಆ ಬಿಗಿಯಲ್ಲೇ ಅವನು ಗಂಟೆಗಟ್ಟಲೆ ಕುಣಿಯಬೇಕು. ಅನುಮತಿ ಕೇಳದೆ ಒಳಗೆ ಹೋಗಬೇಡಿ, ಫ್ಲ್ಯಾಷ್ ಹಾಕಬೇಡಿ. ರಂಗಸ್ಥಳದ ಪಕ್ಕದ ಚಹಾ ಅಂಗಡಿಯ ಆಮ್ಲೆಟ್, ಮಂಡಕ್ಕಿ, ಬಿಸಿ ಕಷಾಯಕ್ಕೆ ನಡುರಾತ್ರಿಯಲ್ಲಿ ಬರುವ ರುಚಿ ಹಗಲಿನಲ್ಲಿ ಬರುವುದಿಲ್ಲ. ಅಲ್ಲೂ ಚಂಡೆಯ ಸದ್ದು ಕೇಳುತ್ತಿರುತ್ತದೆ.

ಮಳೆಗಾಲದಲ್ಲಿ ಬಂದವರು ಬೇಸರಪಡಬೇಕಿಲ್ಲ. ಆಗ ವೇಷವಿಲ್ಲದ, ಕೂತು ಮಾತಾಡುವ ತಾಳಮದ್ದಳೆ ಇರುತ್ತದೆ. ಕನ್ನಡದ ಮಾತಿನ ಸೊಗಸು ಕೇಳಬೇಕಾದವರಿಗೆ ಅದು ಇನ್ನೂ ಮೇಲು.

ಎರಡನೆಯ ದಿನ: ಶೃಂಗೇರಿ

ಆಟ ನೋಡಿ ಮಲಗಿದ್ದರೆ ತಡವಾಗಿ ಎದ್ದು ಹೊರಡಿ. ದಾರಿಯಲ್ಲಿ ತುಂಗೆಯ ದಡದ ಹರಿಹರಪುರ ಸಿಗುತ್ತದೆ. ಮಧ್ಯಾಹ್ನದ ಊಟ ಶೃಂಗೇರಿ ಮಠದ ಪ್ರಸಾದವೇ ಆಗಲಿ. ಎಲ್ಲರಿಗೂ ಉಚಿತ, ಸಾಲಾಗಿ ನೆಲದ ಮೇಲೆ ಕೂರಬೇಕು, ತಟ್ಟೆಯಲ್ಲಿ ಬಿಡುವ ಹಾಗಿಲ್ಲ. ಮಧ್ಯಾಹ್ನ ಗುಡಿ ಮುಚ್ಚುವುದರಿಂದ ದರ್ಶನವನ್ನು ಊಟಕ್ಕೆ ಮೊದಲೇ ಮಾಡಿ. 14ನೇ ಶತಮಾನದ ವಿದ್ಯಾಶಂಕರ ದೇವಾಲಯದಲ್ಲಿ 12 ರಾಶಿಗಳ 12 ಕಂಬಗಳಿವೆ. ನಿಮ್ಮ ರಾಶಿಯ ಕಂಬ ಹುಡುಕುವುದು ಮಕ್ಕಳಿಗೆ ಒಳ್ಳೆಯ ಆಟ. ಹೊಳೆಯ ಮೆಟ್ಟಿಲಲ್ಲಿ ಮೀನಿಗೆ ಮಂಡಕ್ಕಿ ಹಾಕುವುದು ಯಾರಿಗೂ ಹೇಳಿಕೊಡಬೇಕಿಲ್ಲ.

ಮಠದ ಎದುರಿನ ಬೀದಿಯಲ್ಲಿ ಕುಂಕುಮ, ಜಪಮಣಿ, ಹಿತ್ತಾಳೆ, ಆಟಿಕೆ ಸಾಲುಸಾಲು. ಆಟಿಕೆಗಳಲ್ಲಿ ಹೆಚ್ಚಿನವು ಎಲ್ಲ ಯಾತ್ರಾಸ್ಥಳಗಳಲ್ಲೂ ಸಿಗುವಂಥವೇ. ನಾನಾದರೆ ಅಲ್ಲಿ ಕೊಳ್ಳುವುದು ಮಠದ ಪುಸ್ತಕ, ಹಲಸಿನ ಹಪ್ಪಳ, ಬಾಳಕದ ಮೆಣಸು, ಅಡಿಕೆ ಹಾಳೆಯ ತಟ್ಟೆ. ಸಂಜೆ ನಾಲ್ಕರ ನಂತರ ಸೇತುವೆ ದಾಟಿ ನರಸಿಂಹವನಕ್ಕೆ ಹೋಗಿ. ರಾತ್ರಿ ಜಗದ್ಗುರುಗಳು ಮಾಡುವ ಚಂದ್ರಮೌಳೀಶ್ವರ ಪೂಜೆ ನೋಡುವ ಮನಸ್ಸಿದ್ದರೆ ಅಂದು ಶೃಂಗೇರಿಯಲ್ಲೇ ತಂಗಿ. ಗಂಡಸರು ಪಂಚೆ ಒಯ್ಯಿರಿ. ನವರಾತ್ರಿಯಲ್ಲಿ ಬರುವವರು ಕೋಣೆಯನ್ನು ತಿಂಗಳುಗಳ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಮೂರನೆಯ ದಿನ: ಎನ್.ಆರ್. ಪುರ

ಹಳಬರ ಬಾಯಲ್ಲಿ ಇದು ಇಂದಿಗೂ ಎಡೇಹಳ್ಳಿ. ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಆಮೇಲೆ ಬಂದದ್ದು. ತರೀಕೆರೆಯಿಂದ ಇಲ್ಲಿಗೆ ಕಿರಿದಾದ ಹಳಿಯ ಪುಟ್ಟ ರೈಲೂ ಓಡುತ್ತಿತ್ತು. ಭದ್ರಾ ಹಿನ್ನೀರು ಪಕ್ಕದಲ್ಲೇ ಇರುವುದರಿಂದ ಮೀನೂಟ ಇಲ್ಲಿ ಮಾಡಬೇಕು. ಕೇರಳದಿಂದ ಬಂದು ನೆಲೆಸಿದ ಕುಟುಂಬಗಳು ಬಹಳ, ರಬ್ಬರ್ ತೋಟಗಳೂ ಹಾಗೆಯೇ. ಹಾಗಾಗಿ ಮರಗೆಣಸು, ನೇಂದ್ರಬಾಳೆಯ ಚಿಪ್ಸ್ ಕೇಳಿ ಕೊಳ್ಳಿ. ಸಿಂಹನಗದ್ದೆಯ ಜ್ವಾಲಾಮಾಲಿನಿ ಬಸದಿ ಪೇಟೆಗೆ ಹತ್ತಿರವೇ ಇದೆ. ಅರ್ಧ ದಿನ ಸಾಕು. ಇಲ್ಲಿಂದಲೇ ಶಿವಮೊಗ್ಗಕ್ಕೆ ಹೊರಟುಬಿಡಬಹುದು.

ಒಂದು ಎಚ್ಚರಿಕೆ. ಚಳಿಗಾಲದಿಂದ ಮೇ ತಿಂಗಳವರೆಗೆ ಮಂಗನಕಾಯಿಲೆಯ ಭಯ ಈ ಮೂರೂ ತಾಲ್ಲೂಕುಗಳಲ್ಲಿದೆ. ಉಣುಗಿನಿಂದ ಹರಡುವ ರೋಗ ಅದು. ಪೇಟೆ ಸುತ್ತುವವರಿಗೆ ತೊಂದರೆಯಿಲ್ಲ, ಆದರೆ ದಾರಿಯಲ್ಲಿ ಕಾರು ನಿಲ್ಲಿಸಿ ಕಾಡಿಗೆ ನುಗ್ಗಬೇಡಿ, ತರಗೆಲೆಯ ಮೇಲೆ ಕೂರಬೇಡಿ. ಊರಿಗೆ ಮರಳಿದ ಮೇಲೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರಿ ಎಂದು ವೈದ್ಯರಿಗೆ ತಪ್ಪದೆ ಹೇಳಿ.

ಕೊಳ್ಳುವಾಗ

ಕೊನೆಯ ದಿನ ಕೊಳ್ಳಬೇಕಾದ್ದು ಎರಡು: ಕಾಳುಮೆಣಸು ಮತ್ತು ಕಾಫಿಪುಡಿ. ಮೆಣಸಿನ ವ್ಯಾಪಾರಿಗಳು ಲೀಟರ್ ತೂಕ ನೋಡುತ್ತಾರೆ, ಒಂದು ಲೀಟರಿನ ಅಳತೆಗೆ 550 ಗ್ರಾಂ ತೂಗಿದರೆ ಒಳ್ಳೆಯ ಮಾಲು. ನಮಗೆ ಅಷ್ಟು ಬೇಡ. ಒಂದು ಹಿಡಿ ಕಾಳನ್ನು ಲೋಟದ ನೀರಿಗೆ ಹಾಕಿ. ಗಟ್ಟಿ ಕಾಳು ಮುಳುಗುತ್ತದೆ. ತೇಲುವುದು ಜೊಳ್ಳು, ಇಲ್ಲವೇ ಪಪ್ಪಾಯಿ ಬೀಜ. ಜೇನಿಗೆ ಮಾತ್ರ ಇಂಥ ಮನೆಪರೀಕ್ಷೆ ಯಾವುದನ್ನೂ ನಂಬಬೇಡಿ, ನಂಬಿಕಸ್ತರ ಹತ್ತಿರವೇ ಕೊಳ್ಳಿ.

ಕಾಫಿಯ ವಿಷಯದಲ್ಲಿ ಈ ಸೀಮೆಗೆ ಮಾತಾಡುವ ಹಕ್ಕಿದೆ. ಹತ್ತಿರದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದು 1925ರಲ್ಲಿ. ಎಸ್.795 ಎಂಬ ಹೆಸರಾಂತ ಅರೇಬಿಕಾ ತಳಿ ಅಲ್ಲಿಂದಲೇ ಬಂತು. ಚಿಕ್ಕಮಗಳೂರು ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು. ಆದ್ದರಿಂದ ಪೊಟ್ಟಣದ ಪುಡಿ ಕೊಳ್ಳದೆ, ಕಣ್ಣೆದುರು ಬೀಜ ಹುರಿದು ಬೀಸಿಕೊಡುವ ಅಂಗಡಿಗೆ ಹೋಗಿ. ‘ಪ್ಲಾಂಟೇಶನ್ ಎ’ ಎಷ್ಟು, ಪೀಬೆರಿ ಎಷ್ಟು, ರೊಬಸ್ಟಾ ಎಷ್ಟು ಎಂದು ನೀವೇ ಹೇಳಿ. ಚಿಕೋರಿ ಬೇಡವೆಂದರೆ ಬೇಡವೆನ್ನಿ. ಕಾನೂನಿನಂತೆ ಮಿಶ್ರಣದಲ್ಲಿ ಚಿಕೋರಿ ನೂರಕ್ಕೆ 49ನ್ನು ಮೀರುವಂತಿಲ್ಲ, ಎಷ್ಟಿದೆ ಎಂದು ಪೊಟ್ಟಣದ ಮೇಲೆ ಬರೆದಿರಬೇಕು. ಅನುಮಾನವಿದ್ದರೆ ತಣ್ಣೀರಿನ ಗಾಜಿನ ಲೋಟದ ಮೇಲೆ ಒಂದು ಚಿಟಿಕೆ ಉದುರಿಸಿ ನೋಡಿ. ಕಾಫಿ ಮೇಲೆಯೇ ತೇಲುತ್ತದೆ, ಚಿಕೋರಿ ಕಂದು ಗೆರೆ ಎಳೆಯುತ್ತ ಕೂಡಲೇ ಕೆಳಗಿಳಿಯುತ್ತದೆ.

ಫಿಲ್ಟರಿಗಾದರೆ ತೀರ ನುಣ್ಣಗೆ ಬೀಸಿಸಬೇಡಿ. ಅರ್ಧ ಕಿಲೊಗಿಂತ ಹೆಚ್ಚು ಕೊಳ್ಳಲೂಬೇಡಿ. ಬೀಸಿದ ಪುಡಿಯ ಘಮ ಹದಿನೈದು ದಿನಕ್ಕೆ ಇಳಿದುಹೋಗುತ್ತದೆ.