ಎದೆನೋವು ಬಂದರೆ ಮೊದಲು ಹತ್ತಿರದ ಇಸಿಜಿ, ಆಮೇಲೆ ದೊಡ್ಡ ಆಸ್ಪತ್ರೆ

2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿಗಳು ಒಂದರ ಹಿಂದೊಂದು ಬರತೊಡಗಿದಾಗ ಬೆಂಗಳೂರು ಮತ್ತು ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಅವರಲ್ಲಿ ಅನೇಕರಿಗೆ ಯಾವ ನೋವೂ ಇರಲಿಲ್ಲ. ಒಂದು ಇಸಿಜಿ ತೆಗೆಸಿ, ಏನೂ ತೊಂದರೆಯಿಲ್ಲ ಎಂಬ ಮಾತು ಕೇಳಿಕೊಂಡು ಹೋಗಲು ಬಂದಿದ್ದರು. ಸಾವುಗಳನ್ನು ಪರಿಶೀಲಿಸಿದ ತಜ್ಞರ ಸಮಿತಿ, ಹಿಂದಿನ ವರ್ಷಗಳಿಗೆ ಹೋಲಿಸಿದರೆ ಅಸಹಜ ಏರಿಕೆಯೇನೂ ಕಾಣುತ್ತಿಲ್ಲ ಎಂದು ವರದಿ ಕೊಟ್ಟಿತು. ಆ ಭಯವನ್ನು ತಪ್ಪೆನ್ನಲಾಗದು. ಆದರೆ ಅದು ಹಿಡಿದ ದಾರಿ ತಪ್ಪು. ಚೆನ್ನಾಗಿರುವಾಗ ನೂರು ಕಿಲೋಮೀಟರ್ ಹೋಗಿ ತೆಗೆಸಿದ ಇಸಿಜಿ ನಾಳೆಯ ಹೃದಯಾಘಾತದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಎದೆ ಹಿಂಡಿ ಬೆವರು ಕಿತ್ತುಬರುವಾಗ ಐದು ಕಿಲೋಮೀಟರ್ ದೂರದ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆಸಿದ ಇಸಿಜಿ ಮಾತ್ರ ಜೀವ ಉಳಿಸಬಲ್ಲದು. ಯಾಕೆ ಎಂಬುದು ಹೃದಯ ಕೆಲಸ ಮಾಡುವ ಬಗೆಯಲ್ಲೇ ಇದೆ.

ಮುಷ್ಟಿಯಷ್ಟು ಗಾತ್ರದ, ಸುಮಾರು 300 ಗ್ರಾಂ ತೂಕದ ಈ ಸ್ನಾಯು ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿಯುತ್ತದೆ, ಸುಮ್ಮನೆ ಕುಳಿತಿದ್ದಾಗಲೂ ನಿಮಿಷಕ್ಕೆ ಐದು ಲೀಟರಿನಷ್ಟು ರಕ್ತವನ್ನು ತಳ್ಳುತ್ತದೆ. ಬಲಭಾಗದ ಎರಡು ಕೋಣೆಗಳು ಮೈಯಿಂದ ಮರಳಿದ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತವೆ. ಎಡಭಾಗದ ಎರಡು ಕೋಣೆಗಳು ಅಲ್ಲಿಂದ ಆಮ್ಲಜನಕ ತುಂಬಿಕೊಂಡು ಬಂದದ್ದನ್ನು ಮಹಾಪಧಮನಿಯ ಮೂಲಕ ಇಡೀ ಮೈಗೆ ಹಂಚುತ್ತವೆ. ನಾಲ್ಕು ಕವಾಟಗಳು ರಕ್ತ ಹಿಮ್ಮುಖವಾಗಿ ಹರಿಯದಂತೆ ತಡೆಯುತ್ತವೆ. ಬಲ ಮೇಲ್ಕೋಣೆಯಲ್ಲಿರುವ ಪುಟ್ಟ ಕೋಶಗಳ ಗುಂಪು ಹೊರಡಿಸುವ ವಿದ್ಯುತ್ ಸಂಕೇತವೇ ಪ್ರತಿ ಬಡಿತದ ಆರಂಭ, ಇಸಿಜಿ ಕಾಗದದ ಮೇಲೆ ಮೂಡುವುದು ಆ ವಿದ್ಯುತ್ತಿನ ಗೆರೆ. ಇಷ್ಟು ಶಾಲೆಯ ಪುಸ್ತಕದಲ್ಲೂ ಸಿಗುತ್ತದೆ. ಹೆಚ್ಚಿನವರಿಗೆ ಗೊತ್ತಿಲ್ಲದಿರುವುದು ಬೇರೆ: ತನ್ನ ಕೋಣೆಗಳ ಒಳಗೆ ತುಂಬಿ ಹರಿಯುವ ರಕ್ತದಿಂದ ಹೃದಯಕ್ಕೆ ಹೊಟ್ಟೆ ತುಂಬುವುದಿಲ್ಲ. ಮಹಾಪಧಮನಿಯ ಬುಡದಿಂದ ಕವಲೊಡೆದು ಹೃದಯದ ಮೈಮೇಲೆ ಹಬ್ಬಿರುವ ಕರೊನರಿ ರಕ್ತನಾಳಗಳೇ ಅದಕ್ಕೆ ಗತಿ. ಮೈಯ ಬೇರೆ ಅಂಗಗಳು ತಮಗೆ ಬಂದ ಆಮ್ಲಜನಕದಲ್ಲಿ ಒಂದಿಷ್ಟನ್ನು ಬಳಸಿ ಉಳಿದದ್ದನ್ನು ಹಿಂದಕ್ಕೆ ಬಿಡುತ್ತವೆ. ಹೃದಯವಾದರೋ ವಿಶ್ರಾಂತಿಯಲ್ಲಿರುವಾಗಲೇ ಮುಕ್ಕಾಲು ಪಾಲಿನ ಹತ್ತಿರ ಹೀರಿಕೊಂಡಿರುತ್ತದೆ. ಸಂಕಟಕ್ಕೆಂದು ಎತ್ತಿಟ್ಟ ಗಂಟು ಅದರ ಬಳಿ ಇಲ್ಲವೆಂದೇ ಹೇಳಬೇಕು.

ಹಾಗಾಗಿ ಆ ನಾಳಗಳಲ್ಲಿ ಒಂದು ಪೂರ್ತಿ ಮುಚ್ಚಿಕೊಂಡರೆ ಅರ್ಧ ಗಂಟೆಯೊಳಗೆ ಸ್ನಾಯು ಸಾಯತೊಡಗುತ್ತದೆ. ಒಮ್ಮೆಗೇ ಎಲ್ಲವೂ ಸಾಯುವುದಿಲ್ಲ. ರಕ್ತನಾಳಗಳು ಹೊರಮೈಯಿಂದ ಒಳಗಿಳಿಯುವುದರಿಂದ ಹೃದಯದ ಗೋಡೆಯ ಒಳಪದರಕ್ಕೆ ರಕ್ತ ಕೊನೆಯಲ್ಲಿ ಮುಟ್ಟುತ್ತದೆ. ನಾಲೆಯಲ್ಲಿ ನೀರು ಕಡಿಮೆಯಾದರೆ ಕೊನೆಯ ಗದ್ದೆ ಮೊದಲು ಒಣಗುವಂತೆ ಆ ಪದರ ಮೊದಲು ಸಾಯುತ್ತದೆ. ಅಲ್ಲಿಂದ ಸಾವು ಗಂಟೆಗಂಟೆಗೆ ಹೊರಮುಖವಾಗಿ ಹರಡುತ್ತದೆ. ಆರರಿಂದ ಹನ್ನೆರಡು ಗಂಟೆ ಕಳೆದ ಮೇಲೆ ಉಳಿಸಿಕೊಳ್ಳಲು ಹೆಚ್ಚೇನೂ ಇರುವುದಿಲ್ಲ. ಸತ್ತ ಹೃದಯಸ್ನಾಯು ಮತ್ತೆ ಬೆಳೆಯದು. ಆ ಜಾಗ ಗಾಯದ ಕಲೆಯಾಗಿ ಉಳಿಯುತ್ತದೆ, ಉಳಿದ ಭಾಗ ಅದರ ಹೊರೆಯನ್ನೂ ಹೊತ್ತು ದುಡಿಯಬೇಕು. ಹೃದಯಾಘಾತದಿಂದ ಬದುಕುಳಿದವರಲ್ಲಿ ಕೆಲವರು ತಿಂಗಳೊಳಗೆ ಹೊಲಕ್ಕೆ ಮರಳಿದರೆ, ಇನ್ನು ಕೆಲವರಿಗೆ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. ಈ ಅಂತರಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ, ಮುಚ್ಚಿದ ನಾಳ ಎಷ್ಟು ಬೇಗ ತೆರೆಯಿತು ಎಂಬುದು.

‘ಕಳೆದ ತಿಂಗಳಷ್ಟೇ ಎಲ್ಲ ಪರೀಕ್ಷೆ ಮಾಡಿಸಿದ್ದೆ, ನಾರ್ಮಲ್ ಇತ್ತು’ ಎನ್ನುವವರಿಗೂ ಉತ್ತರ ಇಲ್ಲೇ ಇದೆ. ನಾಳ ವರ್ಷಗಟ್ಟಲೆ ಕಿರಿದಾಗುತ್ತಾ ಬಂದು ಒಂದು ದಿನ ಪೂರ್ತಿ ಮುಚ್ಚುತ್ತದೆ ಎಂಬುದು ಜನಪ್ರಿಯ ಕಲ್ಪನೆ. ಬಹಳಷ್ಟು ಹೃದಯಾಘಾತಗಳು ಹಾಗೆ ಆಗುವುದಿಲ್ಲ. ನಾಳದ ಗೋಡೆಯಲ್ಲಿ ಸೇರಿಕೊಂಡ ಕೊಬ್ಬಿನ ಗಡ್ಡೆ ದೊಡ್ಡದಿರಬೇಕೆಂದೇನಿಲ್ಲ; ಅದರ ತೆಳ್ಳನೆಯ ಹೊದಿಕೆ ಒಡೆದರೆ ಸಾಕು, ಆ ಬಿರುಕಿನ ಮೇಲೆ ನಿಮಿಷಗಳಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಅರ್ಧದಷ್ಟೂ ಕಿರಿದಾಗದ ನಾಳ ಹಿಂದಿನ ದಿನದ ಇಸಿಜಿಯಲ್ಲಾಗಲಿ ಟ್ರೆಡ್‌ಮಿಲ್ ಪರೀಕ್ಷೆಯಲ್ಲಾಗಲಿ ಸುಳಿವು ಕೊಡದೇ ಇರಬಹುದು. ಹಾಗೆಂದು ತಪಾಸಣೆಯೇ ಬೇಡವೆಂದಲ್ಲ. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿ ಹತೋಟಿಯಲ್ಲಿಡುವುದು, ಬೀಡಿ ಸಿಗರೇಟು ಬಿಡುವುದು ಆ ಹೊದಿಕೆ ಒಡೆಯದಂತೆ ಕಾಯುವ ಕೆಲಸ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ, ಮೊದಲ ಹೃದಯಾಘಾತದ ಅಪಾಯದಲ್ಲಿ ಶೇ 90ರಷ್ಟನ್ನು ಒಂಬತ್ತೇ ಒಂಬತ್ತು ಅಂಶಗಳು ವಿವರಿಸುತ್ತವೆ ಎಂದು ತೋರಿಸಿತು, ಅವೆಲ್ಲವೂ ಬದಲಿಸಬಹುದಾದವು. ಅದೇ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಉಳಿದವರಿಗಿಂತ ಐದಾರು ವರ್ಷ ಮೊದಲೇ, ಸರಾಸರಿ 53ರ ವಯಸ್ಸಿನಲ್ಲಿ, ಬಂದಿತ್ತು.

ಹೃದಯದ ಕಾಯಿಲೆಗಳೆಲ್ಲ ಹೃದಯಾಘಾತವಲ್ಲ. ಸ್ನಾಯು ಸೋತು ರಕ್ತ ತಳ್ಳಲಾಗದೆ ಕಾಲು ಊದಿ, ಮಲಗಿದರೆ ಉಸಿರು ಕಟ್ಟುವುದು ಹೃದಯ ವೈಫಲ್ಯ. ಬಾಲ್ಯದ ಗಂಟಲು ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ ಕವಾಟಗಳನ್ನು ಕೆಡಿಸಬಹುದು. ಬಡಿತದ ಲಯ ತಪ್ಪುವ ಕಾಯಿಲೆಗಳೂ ಹಲವಿವೆ. ಇವು ಬೇರೆಯೇ ಲೇಖನಕ್ಕೆ ವಿಷಯ. ಒಂದು ವ್ಯತ್ಯಾಸ ಮಾತ್ರ ಈಗಲೇ ತಿಳಿದಿರಬೇಕು: ಹೃದಯಾಘಾತವಾದವರು ಮಾತನಾಡುತ್ತಿರುತ್ತಾರೆ, ನಡೆಯುತ್ತಲೂ ಇರಬಹುದು, ಹೃದಯ ಸ್ತಂಭನವಾದವರು ಕುಸಿದು ಬೀಳುತ್ತಾರೆ, ಉಸಿರಾಡುವುದಿಲ್ಲ. ಮೊದಲನೆಯದು ಯಾವ ಗಳಿಗೆಯಲ್ಲಾದರೂ ಎರಡನೆಯದಕ್ಕೆ ತಿರುಗಬಹುದು.

ಮೊದಲ ಹೆಜ್ಜೆ: ಗ್ಯಾಸ್ ಎಂದು ತೀರ್ಮಾನಿಸಬೇಡಿ

ಎದೆಯ ನಡುವೆ ಭಾರ, ಬಿಗಿತ, ಉರಿ ಅಥವಾ ಹಿಂಡಿದಂಥ ನೋವು ಕಾಣಿಸಿ, ಅದು ಎಡಗೈಗೆ, ಎರಡೂ ತೋಳಿಗೆ, ದವಡೆಗೆ ಇಲ್ಲವೇ ಬೆನ್ನಿಗೆ ಹರಡಿ, ಜೊತೆಗೆ ತಣ್ಣನೆಯ ಬೆವರು, ವಾಕರಿಕೆ, ಉಸಿರಾಟದ ಕಷ್ಟ ಇದ್ದು ಹತ್ತು ನಿಮಿಷಕ್ಕೂ ಕಡಿಮೆಯಾಗದಿದ್ದರೆ ಅದನ್ನು ಹೃದಯಾಘಾತವೆಂದೇ ತಿಳಿಯಿರಿ. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆನೋವೇ ಇಲ್ಲದೆ ವಿಪರೀತ ಸುಸ್ತು, ಏದುಸಿರು, ಹೊಟ್ಟೆಯ ಮೇಲ್ಭಾಗದ ತಳಮಳ ಮಾತ್ರ ಇರಬಹುದು. ನಮ್ಮಲ್ಲಿ ಇಂಥ ಹೊತ್ತಿನಲ್ಲಿ ಮೊದಲು ಸೋಡಾ, ಆಮೇಲೆ ಜೀರಿಗೆ ಕಷಾಯ, ಆಮೇಲೆ ಆಸಿಡಿಟಿ ಮಾತ್ರೆ, ಕೊನೆಗೆ ‘ಬೆಳಗಾಗಲಿ ನೋಡೋಣ’. ಅನ್ನನಾಳ ಮತ್ತು ಹೃದಯದ ನೋವಿನ ಸಂಕೇತಗಳು ಬೆನ್ನುಹುರಿಯ ಹೆಚ್ಚುಕಡಿಮೆ ಒಂದೇ ಭಾಗಕ್ಕೆ ಬಂದು ಸೇರುತ್ತವೆ. ಎರಡನ್ನೂ ಅನುಭವದಿಂದಷ್ಟೇ ಬೇರ್ಪಡಿಸಲು ವೈದ್ಯರಿಗೂ ಆಗದು. ತೇಗು ಬಂದು ಹಾಯೆನಿಸಿತು ಎಂಬುದೂ ಪುರಾವೆಯಲ್ಲ. ‘ನಿಜಕ್ಕೂ ಗ್ಯಾಸ್ ಆಗಿದ್ದರೆ ಮಧ್ಯರಾತ್ರಿ ಎಲ್ಲರನ್ನೂ ಎಬ್ಬಿಸಿದಂತಾಗುವುದಿಲ್ಲವೇ’ ಎಂಬ ಸಂಕೋಚ ಸಹಜವೇ. ಗ್ಯಾಸ್ ಆಗಿದ್ದರೆ ಒಂದು ರಾತ್ರಿಯ ನಿದ್ದೆ ಹೋಗುತ್ತದೆ, ಆಗಿರದಿದ್ದರೆ ಹೃದಯದ ಒಂದು ಭಾಗವೇ ಹೋಗುತ್ತದೆ. ಈ ಎರಡು ನಷ್ಟಗಳನ್ನು ತಕ್ಕಡಿಯಲ್ಲಿಟ್ಟು ತೂಗಲಾಗದು.

ಎರಡನೆಯದು: ಕೂರಿಸಿ, ಕರೆಮಾಡಿ, ಆಸ್ಪಿರಿನ್ ಕೊಡಿ

ನೋವಿರುವವರು ನಡೆಯಬಾರದು, ಮೆಟ್ಟಿಲಿಳಿಯಬಾರದು, ಸ್ವತಃ ಬೈಕು ಕಾರು ಓಡಿಸಲೇಬಾರದು. ಒರಗಿಸಿ ಕೂರಿಸಿ 108ಕ್ಕೆ ಕರೆಮಾಡಿ. ಆಂಬುಲೆನ್ಸ್ ಬೇಗ ಬರುವಂತಿಲ್ಲದಿದ್ದರೆ ಬೇರೊಬ್ಬರು ಓಡಿಸುವ ಯಾವ ವಾಹನವಾದರೂ ಸರಿ. ಈ ನಡುವೆ 300ರಿಂದ 325 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಲಿ. ಹಾಗೇ ನುಂಗಿದರೆ ಕೆಲಸ ಶುರುವಾಗುವುದು ತಡ. 1988ರಲ್ಲಿ ಪ್ರಕಟವಾದ ಐಸಿಸ್-2 ಪ್ರಯೋಗದಲ್ಲಿ 17,187 ರೋಗಿಗಳಿದ್ದರು. ಹೃದಯಾಘಾತದ ಶಂಕೆಯಿದ್ದವರಿಗೆ ಆಸ್ಪಿರಿನ್ ಒಂದೇ ಕೊಟ್ಟಾಗಲೂ ಐದು ವಾರಗಳಲ್ಲಿ ಹೃದಯ, ರಕ್ತನಾಳಗಳ ಕಾರಣದ ಸಾವು ಶೇ 23ರಷ್ಟು ಇಳಿಯಿತು. ಕೆಲವು ರೂಪಾಯಿಯ ಮಾತ್ರೆಗೆ ಇಂಥ ಶಕ್ತಿಯಿರುವುದು ವೈದ್ಯಶಾಸ್ತ್ರದಲ್ಲಿ ಅಪರೂಪ. ಆದರೆ ಆಸ್ಪಿರಿನ್ ಅಲರ್ಜಿ ಇರುವವರು, ಹೊಟ್ಟೆಹುಣ್ಣಿನಿಂದ ರಕ್ತಸ್ರಾವ ಆಗುತ್ತಿರುವವರು, ಮಿದುಳಿನ ರಕ್ತಸ್ರಾವ ಆಗಿದ್ದವರು ತೆಗೆದುಕೊಳ್ಳಬಾರದು. ರಕ್ತ ತೆಳುಮಾಡುವ ಔಷಧ ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳುವುದು ಬೇಡ. ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ಮಾತ್ರೆಯನ್ನು ಪಕ್ಕದ ಮನೆಯವರಿಂದ ತಂದು ಕೊಡುವ ರೂಢಿ ಅಪಾಯಕಾರಿ. ರಕ್ತದೊತ್ತಡ ಮೊದಲೇ ಕುಸಿದಿದ್ದರೆ, ಹೃದಯದ ಬಲಭಾಗಕ್ಕೆ ಪೆಟ್ಟಾಗಿದ್ದರೆ, ರೋಗಿ ವಯಾಗ್ರದಂಥ ಮಾತ್ರೆ ಸೇವಿಸಿದ್ದರೆ ಅದು ಪ್ರಾಣಕ್ಕೆ ಕುತ್ತಾಗಬಹುದು. ಜೋರಾಗಿ ಕೆಮ್ಮಿದರೆ ಹೃದಯಾಘಾತ ತಡೆಯಬಹುದೆಂಬ ವಾಟ್ಸ್‌ಆ್ಯಪ್ ಸಂದೇಶಕ್ಕೆ ವೈದ್ಯಕೀಯ ಆಧಾರವಿಲ್ಲ. ಅದನ್ನು ನಂಬಿ ಕೆಮ್ಮುತ್ತ ಕೂತವರ ಸಮಯ ಹಾಳಾಗುತ್ತದೆ, ಅಷ್ಟೆ.

ಮೂರನೆಯದು, ಅತಿ ಮುಖ್ಯವಾದದ್ದು: ಎಲ್ಲಿಗೆ ಹೋಗಬೇಕು

‘ನೇರ ಜಯದೇವಕ್ಕೇ ಹೋಗಿಬಿಡೋಣ’, ‘ಮಣಿಪಾಲಕ್ಕೇ ಹೊರಡೋಣ’ ಎಂಬ ನಿರ್ಧಾರ ಪ್ರೀತಿಯಿಂದ ಹುಟ್ಟಿದ್ದು, ಅದರ ಹಿಂದಿನ ತರ್ಕವೂ ದುರ್ಬಲವಲ್ಲ. ಮುಚ್ಚಿದ ನಾಳ ತೆರೆಯಲು ಆಂಜಿಯೋಪ್ಲಾಸ್ಟಿಯೇ ಶ್ರೇಷ್ಠ ವಿಧಾನ, ಅದು ಆಗುವುದು ದೊಡ್ಡ ಆಸ್ಪತ್ರೆಯಲ್ಲೇ. ಆದರೆ ಆ ಶ್ರೇಷ್ಠತೆಗೆ ಒಂದು ಷರತ್ತಿದೆ. ಇಸಿಜಿಯಲ್ಲಿ ಹೃದಯಾಘಾತ ಕಂಡುಬಂದ ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಆಗುವಂತಿದ್ದರೆ ಅದು. ಆಗದಿದ್ದರೆ ತಡಮಾಡದೆ ಹೆಪ್ಪು ಕರಗಿಸುವ ಇಂಜೆಕ್ಷನ್. ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುವುದು ಇದನ್ನೇ. ನಗರದ ಒಳಗಿರುವವರಿಗೆ, ಅರ್ಧ ಗಂಟೆಯಲ್ಲಿ ಕ್ಯಾಥ್‌ಲ್ಯಾಬ್ (ಆಂಜಿಯೋಪ್ಲಾಸ್ಟಿ ಮಾಡುವ ಕೋಣೆ) ಇರುವ ಆಸ್ಪತ್ರೆ ತಲುಪುವವರಿಗೆ ನೇರ ಅಲ್ಲಿಗೇ ಹೋಗುವುದು ಸರಿ. ಸಕಲೇಶಪುರದ ತೋಟದಿಂದಲೋ, ಶಿರಸಿಯ ಹಳ್ಳಿಯಿಂದಲೋ, ಘಟ್ಟ ಇಳಿದು ಮಂಗಳೂರಿಗೋ ಮಣಿಪಾಲಕ್ಕೋ ಹೋಗಬೇಕಾದವರಿಗೆ ಅದೇ ಲೆಕ್ಕ ತಲೆಕೆಳಗಾಗುತ್ತದೆ. 1986ರಲ್ಲಿ ಇಟಲಿಯ ಜಿಸ್ಸಿ ಪ್ರಯೋಗ ಇದನ್ನು ಅಂಕಿಗಳಲ್ಲಿ ತೋರಿಸಿತು. ಸ್ಟ್ರೆಪ್ಟೊಕೈನೇಸ್ ಎಂಬ ಹೆಪ್ಪು ಕರಗಿಸುವ ಔಷಧವನ್ನು ನೋವು ಶುರುವಾದ ಒಂದು ಗಂಟೆಯೊಳಗೆ ಪಡೆದವರಲ್ಲಿ ಸಾವು ಶೇ 47ರಷ್ಟು ಕಡಿಮೆಯಾಯಿತು. ಮೂರರಿಂದ ಆರು ಗಂಟೆಯ ನಡುವೆ ಪಡೆದವರಲ್ಲಿ ಆ ಲಾಭ ಶೇ 17ಕ್ಕೆ ಇಳಿಯಿತು. ಔಷಧ ಒಂದೇ, ಬದಲಾದದ್ದು ಗಡಿಯಾರ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರ ನೇತೃತ್ವದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಕ್ರಿಯೇಟ್ ಅಧ್ಯಯನ ಭಾರತದ 50 ನಗರಗಳ 89 ಆಸ್ಪತ್ರೆಗಳಿಂದ 20,937 ರೋಗಿಗಳ ಮಾಹಿತಿ ಕಲೆಹಾಕಿತು. ನೋವು ಶುರುವಾದಾಗಿನಿಂದ ಆಸ್ಪತ್ರೆ ತಲುಪಲು ಹಿಡಿದ ಮಧ್ಯಮ ಅವಧಿ 360 ನಿಮಿಷ, ಅಂದರೆ ಆರು ಗಂಟೆ. ಆಸ್ಪತ್ರೆಯೊಳಗೆ ಬಂದ ಮೇಲೆ ಇಂಜೆಕ್ಷನ್ ಸಿಗಲು ಹಿಡಿದದ್ದು 50 ನಿಮಿಷ. ಸಮಯ ಸೋರಿಹೋಗುವ ಜಾಗ ಯಾವುದು ಎಂಬುದು ಈ ಎರಡು ಅಂಕಿಗಳಲ್ಲಿ ಬಿಚ್ಚಿಬಿದ್ದಿದೆ: ಮನೆ, ಮತ್ತು ರಸ್ತೆ.

‘ತಾಲ್ಲೂಕು ಆಸ್ಪತ್ರೆಯಲ್ಲಿ ಹೃದಯತಜ್ಞರಿಲ್ಲ, ಅಲ್ಲಿ ಹೋಗಿ ಏನು ಪ್ರಯೋಜನ’ ಎಂಬ ಆಕ್ಷೇಪಕ್ಕೆ ಹತ್ತು ವರ್ಷದ ಹಿಂದೆ ತೂಕವಿತ್ತು. ಈಗ ಇಸಿಜಿ ಓದಲು ತಜ್ಞರು ಪಕ್ಕದಲ್ಲೇ ಇರಬೇಕಿಲ್ಲ. 2021ರ ಅಕ್ಟೋಬರ್ 29ರಂದು 46ರ ವಯಸ್ಸಿನಲ್ಲಿ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳ ಇಸಿಜಿ ತಂತ್ರಾಂಶದ ಮೂಲಕ ಕೆಲವೇ ನಿಮಿಷಗಳಲ್ಲಿ ದೂರದ ತಜ್ಞರನ್ನು ತಲುಪುತ್ತದೆ. ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ, ಹತ್ತಾರು ಸಾವಿರ ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ತೂಕಕ್ಕೆ ತಕ್ಕಂತೆ ಒಂದೇ ಸಲ, ಕೆಲವೇ ಸೆಕೆಂಡುಗಳಲ್ಲಿ ಕೊಟ್ಟು ಮುಗಿಸಬಹುದಾದ ಔಷಧ ಅದು. ಮಂಗಳೂರಿನ ಹೃದಯತಜ್ಞ ಡಾ. ಪದ್ಮನಾಭ ಕಾಮತ್ ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಒದಗಿಸಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ತಜ್ಞರಿಂದ ಓದಿಸುವ ವ್ಯವಸ್ಥೆಯನ್ನು ಸರ್ಕಾರಕ್ಕಿಂತ ಮೊದಲೇ ಮಾಡಿ ತೋರಿಸಿದ್ದರು. ಕೆಮ್ಮನ್ನು ಮದ್ದೆಂದು ಹರಡಿದ ಅದೇ ಮಾಧ್ಯಮ ಇಲ್ಲಿ ಜೀವ ಉಳಿಸುವ ಸಾಧನವಾಯಿತು.

ನಾಲ್ಕನೆಯದು: ಆಸ್ಪತ್ರೆಯೊಳಗೆ

ಬಾಗಿಲಲ್ಲೇ ‘ಎದೆನೋವು, ಇಷ್ಟು ಗಂಟೆಗೆ ಶುರುವಾಯಿತು’ ಎಂದು ಹೇಳಿ. ಚೀಟಿ ಮಾಡಿಸುವ ಸಾಲಿನಲ್ಲಿ ನಿಲ್ಲಬೇಡಿ, ಇಸಿಜಿ ಹತ್ತು ನಿಮಿಷದೊಳಗೆ ಆಗಬೇಕು. ಮೊದಲ ಇಸಿಜಿ ಸರಿಯಿದ್ದು ನೋವು ಮುಂದುವರಿದರೆ ಮತ್ತೊಮ್ಮೆ ತೆಗೆಯುವಂತೆ ಕೇಳಿ. ಹೃದಯಾಘಾತ ಕೆಲವೊಮ್ಮೆ ಮೊದಲ ಕಾಗದದಲ್ಲಿ ಕಾಣುವುದಿಲ್ಲ, ಟ್ರೊಪೊನಿನ್ ಎಂಬ ರಕ್ತಪರೀಕ್ಷೆಯಲ್ಲಿ ಸುಳಿವು ಸಿಗಲು ಕೆಲವು ಗಂಟೆ ಬೇಕಾಗಬಹುದು. ಒಂದು ನಾರ್ಮಲ್ ಇಸಿಜಿ ಹಿಡಿದು ಮನೆಗೆ ಹೊರಡುವುದು ದುಡುಕು. ಇಂಜೆಕ್ಷನ್ ಕೊಡುವ ಮುನ್ನ ವೈದ್ಯರು ಹಿಂದೆ ಪಾರ್ಶ್ವವಾಯು ಆಗಿತ್ತೇ, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆಗಿದೆಯೇ, ತಲೆಗೆ ಪೆಟ್ಟು ಬಿದ್ದಿತ್ತೇ ಎಂದು ಕೇಳುತ್ತಾರೆ. ಮರೆಮಾಚದೆ ಹೇಳಬೇಕು. ಈ ಔಷಧದಿಂದ ನೂರರಲ್ಲಿ ಸುಮಾರು ಒಬ್ಬರಿಗೆ ಮಿದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವಿದೆ. ಇದನ್ನು ಕೇಳಿ ಮನೆಯವರು ಸಹಿ ಹಾಕಲು ಹಿಂಜರಿದು, ಊರಿನ ಹಿರಿಯರಿಗೆ ಫೋನು ಮಾಡಿ, ಅವರು ಬರಲೆಂದು ಕಾದು ಗಂಟೆ ಕಳೆಯುವುದುಂಟು. ಆ ಹಿಂಜರಿಕೆ ಅರ್ಥವಾಗುವಂಥದ್ದೇ. ಆದರೆ ಔಷಧ ಕೊಡದಿರುವುದರ ಅಪಾಯ ಇದಕ್ಕಿಂತ ಬಹಳ ದೊಡ್ಡದು. ಹೊಂದದವರನ್ನು ವೈದ್ಯರು ಆ ಪ್ರಶ್ನೆಗಳಿಂದಲೇ ಬೇರ್ಪಡಿಸಿರುತ್ತಾರೆ.

ಇಂಜೆಕ್ಷನ್ ಆದ ಮೇಲೆ ನೋವು ಇಳಿಯಿತೆಂದು ಮನೆಗೆ ಮರಳುವಂತಿಲ್ಲ. ಕೆಲವರಲ್ಲಿ ನಾಳ ತೆರೆದುಕೊಳ್ಳುವುದಿಲ್ಲ, ಅವರಿಗೆ ತುರ್ತಾಗಿ ಆಂಜಿಯೋಪ್ಲಾಸ್ಟಿ ಬೇಕು. ತೆರೆದುಕೊಂಡವರಿಗೂ ಒಂದು ದಿನದೊಳಗೆ ಆಂಜಿಯೋಗ್ರಾಂ ಆಗಬೇಕು. ಜಯದೇವಕ್ಕೋ ಮಣಿಪಾಲಕ್ಕೋ ಹೊರಡುವ ಸಮಯ ಇದು. ಆಗ ಮೂರು ಗಂಟೆಯ ದಾರಿಯೂ ಮೊದಲಿನಷ್ಟು ಘಾತಕವಲ್ಲ.

ದಾರಿಯಲ್ಲೋ ಮನೆಯಲ್ಲೋ ವ್ಯಕ್ತಿ ಕುಸಿದು, ಕರೆದರೆ ಓಗೊಡದೆ, ಉಸಿರಾಟ ಸಹಜವಾಗಿಲ್ಲದಿದ್ದರೆ ನಾಡಿ ಹುಡುಕುತ್ತ ಕೂರಬೇಡಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಒಂದು ಅಂಗೈಯ ಮೇಲೆ ಇನ್ನೊಂದು ಅಂಗೈ ಇಟ್ಟು, ಮೊಣಕೈ ಮಡಚದೆ, ಐದು ಸೆಂಟಿಮೀಟರಿಗೆ ಕಡಿಮೆಯಾಗದಷ್ಟು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿಯ ವೇಗದಲ್ಲಿ ಒತ್ತಿ. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡಿ. ಪಕ್ಕೆಲುಬು ಮುರಿದೀತೆಂದು ನಿಲ್ಲಿಸಬೇಡಿ, ಮುರಿದ ಎಲುಬು ಕೂಡುತ್ತದೆ. ನೆರವಿಲ್ಲದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಕುಗ್ಗುತ್ತದೆ.

ಇದೆಲ್ಲವನ್ನೂ ಆ ರಾತ್ರಿ ಯೋಚಿಸಲಾಗದು, ಈ ವಾರವೇ ಒಂದು ಕಾಗದದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೋ ಕ್ಯಾಲೆಂಡರಿನ ಹಿಂದಕ್ಕೋ ಅಂಟಿಸಿ. ಮನೆಯ ಹಿರಿಯರು ಸೇವಿಸುತ್ತಿರುವ ಔಷಧಗಳು, ಅಲರ್ಜಿ, ಹಿಂದಿನ ಶಸ್ತ್ರಚಿಕಿತ್ಸೆ, ರಾತ್ರಿ ವಾಹನ ತರಬಲ್ಲ ಇಬ್ಬರ ಫೋನ್ ನಂಬರ್, ಆಸ್ಪಿರಿನ್ ಇಟ್ಟಿರುವ ಜಾಗ ಅದರಲ್ಲಿರಲಿ. ಹಗಲಿನಲ್ಲೇ ಒಮ್ಮೆ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ ಮೂರು ಪ್ರಶ್ನೆ ಕೇಳಿ ಬನ್ನಿ: ರಾತ್ರಿ ಎರಡು ಗಂಟೆಗೆ ಇಸಿಜಿ ತೆಗೆಯುವವರು ಇರುತ್ತಾರೆಯೇ? ಹೃದಯ ಜ್ಯೋತಿ ಸಂಪರ್ಕ ಚಾಲ್ತಿಯಲ್ಲಿದೆಯೇ? ಟೆನೆಕ್ಟೆಪ್ಲೇಸ್ ಈಗ ದಾಸ್ತಾನಿದೆಯೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಕಾಗದದ ಮೇಲ್ತುದಿಯಲ್ಲಿ ಆ ಆಸ್ಪತ್ರೆಯ ಹೆಸರು ಬರೆಯಿರಿ. ಯಾವುದಕ್ಕಾದರೂ ಇಲ್ಲವೆಂದರೆ ಹತ್ತಿರದ ಇನ್ನೊಂದು ಆಸ್ಪತ್ರೆಯಲ್ಲಿ ವಿಚಾರಿಸಿ; ಜೊತೆಗೆ ಅದೇ ಮೂರು ಪ್ರಶ್ನೆಗಳನ್ನು ತಾಲ್ಲೂಕು ಆರೋಗ್ಯಾಧಿಕಾರಿಗೂ ಕ್ಷೇತ್ರದ ಶಾಸಕರಿಗೂ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ.