ರಟ್ಟಿನ ಆನೆಗೂ ಅಂಬಾರಿ

ಪ್ರಶ್ನೆ: ಮುಂದಿನ ತಿಂಗಳು ಮಗನಿಗೆ ನಾಲ್ಕು ತುಂಬುತ್ತದೆ. ದಸರಾ ಆನೆಗಳನ್ನು ನೋಡಿ ಬಂದಾಗಿನಿಂದ ಮನೆಯಲ್ಲಿ ಬರೀ ಅಭಿಮನ್ಯು ಎಂಬ ಆನೆಯದೇ ಮಾತು. ಹುಟ್ಟುಹಬ್ಬವನ್ನು ಆನೆಗಳ ಹಬ್ಬವಾಗಿಯೇ, ಕೈಯಾರೆ ಮಾಡೋಣ ಅಂತ ನನ್ನಾಸೆ. ಆದರೆ ನಾದಿನಿಯ ಮಗಳದು ಛತ್ರದಲ್ಲಿ, ಈವೆಂಟ್‌ನವರಿಂದ ಭರ್ಜರಿಯಾಗಿ ಆಯಿತು. ನಮ್ಮದು ಸಪ್ಪೆಯಾದರೆ ಎಂದು ನಿದ್ದೆ ಬರುತ್ತಿಲ್ಲ. ಕರೆಯಬೇಕಾದವರೇ 40 ಜನ.
ಒಬ್ಬ ತಾಯಿ, ಮೈಸೂರು

ಉತ್ತರ: ಮೊದಲು ಆ ಪಟ್ಟಿಯನ್ನು ಎರಡಾಗಿ ಹರಿಯಿರಿ. ನಾಲ್ಕು ವರ್ಷದ ಮಗು ಐದಾರು ಗೆಳೆಯರ ಜೊತೆ ಕುಣಿಯುತ್ತದೆ. ನಲವತ್ತು ಜನರ ನಡುವೆ ಅಮ್ಮನ ಸೆರಗು ಬಿಡುವುದಿಲ್ಲ. ನೆಂಟರಿಗೆ ಇನ್ನೊಂದು ದಿನ ಆರತಿ, ಪಾಯಸ ಇಟ್ಟುಕೊಳ್ಳಿ. ಮಕ್ಕಳಿಗೆ ಮಧ್ಯಾಹ್ನದ ನಿದ್ದೆ ಮುಗಿದ ಮೇಲೆ, ನಾಲ್ಕರಿಂದ ಐದೂವರೆ ಸಾಕೇ ಸಾಕು.

ನಿಮ್ಮ ಮಗನಿಗೆ ಕೈಗೆಲ್ಲ ಅಂಟು ಮೆತ್ತಿಕೊಂಡು ಆನೆ ಮಾಡುವುದೇ ಹಬ್ಬ. ಅದು ಇವತ್ತೇ ಶುರುವಾಗಲಿ. ಫ್ರಿಜ್ ಮಾರುವ ಅಂಗಡಿಯಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆ ಕೇಳಿ ನೋಡಿ. ಮೈದಾ ಅಂಟಿನಲ್ಲಿ ಹಳೇ ಪೇಪರ್ ಸುತ್ತಿ ಸೊಂಡಿಲು, ಮೊರದಗಲ ಕಿವಿ, ಶೂ ಡಬ್ಬಿಗೆ ಬಂಗಾರದ ಕಾಗದ ಹಚ್ಚಿದರೆ ಅಂಬಾರಿ. ಸೊಂಡಿಲು ಸೊಟ್ಟಗಾದರೆ ಆಗಲಿ. ಮಗು ಮಲಗಿದ ಮೇಲೆ ಎದ್ದು ಅದನ್ನು ನೆಟ್ಟಗೆ ಮಾಡಬೇಡಿ, ದಯವಿಟ್ಟು. ಬೆಳಗ್ಗೆ ಅವನಿಗೆ ಗೊತ್ತಾಗಿಯೇ ಆಗುತ್ತದೆ, ತಾನು ಮಾಡಿದ್ದು ಅಮ್ಮನಿಗೆ ಹಿಡಿಸಲಿಲ್ಲ ಎಂದು.

ಆಟಕ್ಕೂ ದಸರೆಯಿಂದಲೇ ಕಡ ತನ್ನಿ. ಅಂಬಾರಿಯ ತೂಕ 750 ಕಿಲೋ. ಅದಕ್ಕೆ ಬೆನ್ನು ಒಗ್ಗಲೆಂದು ಮೊದಲೇ ಮರಳಿನ ಮೂಟೆ ಹೊರಿಸಿ ತಾಲೀಮು ಕೊಡುತ್ತಾರಲ್ಲ, ಹಾಗೆಯೇ ಮಂಡಿಯೂರಿ ಆನೆಯಾದ ಮಗುವಿನ ಬೆನ್ನ ಮೇಲೊಂದು ಪುಟ್ಟ ದಿಂಬು. ಬಾಗಿಲು ಮೆರವಣಿಗೆ ಹೊರಡುವ ಅರಮನೆ, ಅಡುಗೆಮನೆ ಅದು ಮುಗಿಯುವ ಬನ್ನಿಮಂಟಪ. ದಿಂಬು ಬಿದ್ದರೆ ಮತ್ತೆ ಹೊರಿಸುವುದು. ಗೆಲುವು ಸೋಲಿನ ಲೆಕ್ಕ ಇಡಬೇಡಿ, ಈ ವಯಸ್ಸಿಗೆ ಸೋಲು ತಡೆಯುವುದಿಲ್ಲ.

ತಿನ್ನಲು ಕುಸುರೆ! ಆನೆಗಳಿಗೆ ಭತ್ತ, ಬೆಲ್ಲ, ಕಾಯಿಯನ್ನು ಹುಲ್ಲಿನಲ್ಲಿ ಕಟ್ಟಿ ಕೊಡುವುದನ್ನು ಅವನು ಕಣ್ಣರಳಿಸಿ ನೋಡಿರುತ್ತಾನೆ. ನೀವು ಅವಲಕ್ಕಿಗೆ ಬೆಲ್ಲ, ಕಾಯಿತುರಿ ಕಲಸಿ ಬಾಳೆಲೆಯಲ್ಲಿ ಕಟ್ಟಿ. ಕಟ್ಟುವ ಕೆಲಸ ಅವನಿಗೇ ಇರಲಿ. ಇಡೀ ಕಡಲೆಬೀಜ, ಪಾಪ್‌ಕಾರ್ನ್ ಬೇಡ; ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ. ಬಲೂನನ್ನೂ ಬಿಟ್ಟುಬಿಡಿ. ಒಡೆದ ಚೂರು ಮಕ್ಕಳ ಗಂಟಲಿಗೆ ಸಿಕ್ಕರೆ ಉಸಿರು ಕಟ್ಟುತ್ತದೆ. ಬಾಗಿಲಿಗೆ ಮಾವಿನ ತೋರಣ ಎಷ್ಟು ಚೆಂದ! ಮೇಣದಬತ್ತಿ ಹಚ್ಚುವುದಾದರೆ ರಟ್ಟಿನ ಆನೆಯಿಂದ ದೂರ.

ಅವತ್ತು ‘ನನ್ನ ಆನೆ ಮುಟ್ಟಬೇಡಿ’ ಎಂದು ಅವನು ರಂಪ ಮಾಡಬಹುದು. ಬಂದವರಿಗೆಲ್ಲ ಬಣ್ಣ ಹಚ್ಚಲು ಒಂದೊಂದು ರಟ್ಟಿನ ಆನೆಮುಖ ಕತ್ತರಿಸಿಟ್ಟಿರಿ, ಹೋಗುವಾಗ ಅದನ್ನೇ ಒಯ್ಯಲಿ. ದೊಡ್ಡ ಆನೆಯನ್ನು ಮಾರನೆಯ ದಿನವೇ ರದ್ದಿಗೆ ಹಾಕಬೇಡಿ. ಗುಡಿಸುವಾಗ ಅಡ್ಡ ಬಂದರೂ ಸರಿ, ಅವನಾಗಿಯೇ ಮರೆಯುವ ತನಕ ಮೂಲೆಯಲ್ಲಿ ನಿಂತಿರಲಿ.