ಪ್ಯಾನೆಲ್‌ಗೆ ಕೈ ಹಾಕುವ ಹುಡುಗರಿಗೆ

ಕನಕಪುರ, ಮಾಗಡಿ, ಚನ್ನಪಟ್ಟಣದ ಕಡೆಯಿಂದ ಐಟಿಐ ಮುಗಿಸಿ ಬಿಡದಿಗೋ ಹಾರೋಹಳ್ಳಿಗೋ ಕೆಲಸಕ್ಕೆ ಹೊರಟಿದ್ದೀರಿ. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚೋಕೂ ಈಗ ಆಟೊಮ್ಯಾಟಿಕ್ ಯಂತ್ರಗಳು ಬಂದಿವೆ. ಪಿಎಲ್‌ಸಿ ಪ್ರೋಗ್ರಾಂ ಬರೆಯೋದನ್ನ ಕಲಿಸೋರು ಬೇಕಾದಷ್ಟು ಜನ ಸಿಗ್ತಾರೆ. ನಾನು ಹೇಳೋದು ಬರೀ ತಂತಿಯ ವಿಷಯ ಕಣ್ರಪ್ಪ.

• ಎಮರ್ಜೆನ್ಸಿ ಸ್ಟಾಪ್ ಗುಂಡಿಯನ್ನ ಪ್ರೋಗ್ರಾಂ ಕೈಗೆ ಬಿಡಬೇಡಿ. ಔಟ್‌ಪುಟ್ ಕಾರ್ಡಿನ ರಿಲೇ ಅಂಟಿಕೊಂಡರೆ ಪ್ರೋಗ್ರಾಂ ತಾನೇ ಏನು ಮಾಡೀತು? ಗುಂಡಿ ಒತ್ತಿದ ತಕ್ಷಣ ಸೇಫ್ಟಿ ರಿಲೇ ಮೂಲಕ ಕಾಂಟ್ಯಾಕ್ಟರ್ ಕಾಯಿಲ್‌ನ ಕರೆಂಟೇ ಕಡಿಯಬೇಕು; ಪಿಎಲ್‌ಸಿಗೆ ಸುದ್ದಿ ಮುಟ್ಟಿದರೆ ಸಾಕು. ಸ್ಟಾಪ್‌ಗೆ ಯಾವತ್ತೂ ಎನ್‌ಸಿ ಕಾಂಟ್ಯಾಕ್ಟ್ ಹಾಕಿ. ಇಲಿ ತಂತಿ ಕಡಿದರೂ ಯಂತ್ರ ನಿಲ್ಲುತ್ತೆ. ಎನ್‌ಒ ಹಾಕಿದಿರೋ, ತಂತಿ ಕಡಿದದ್ದು ಗೊತ್ತಾಗೋದು ಯಾರದೋ ಕೈ ಸಿಕ್ಕಿಕೊಂಡ ದಿನವೇ.

• ಕರೆಂಟ್ ಹೋಗಿ ಬಂದಾಗ ಯಂತ್ರ ತಾನಾಗಿ ತಿರುಗಕೂಡದು. ಕರೆಂಟ್ ಇಲ್ಲದ ಹೊತ್ತಲ್ಲೇ ಜನ ಸಿಕ್ಕು ಬಿಡಿಸೋಕೆ ಕೈ ಹಾಕೋದು. ರೀಸೆಟ್ ಒತ್ತಿ, ಆಮೇಲೆ ಸ್ಟಾರ್ಟ್ ಒತ್ತಿದರಷ್ಟೇ ಓಡಬೇಕು.

• ಮೇನ್ ಆಫ್ ಮಾಡಿ ಬೀಗ ಹಾಕಿ, ಬೀಗದ ಕೈ ನಿಮ್ಮ ಜೇಬಲ್ಲಿರಲಿ. ಆಮೇಲೂ ಮೀಟರ್ ಇಟ್ಟು ನೋಡಿ. ಕಿತ್ತಳೆ ಬಣ್ಣದ ತಂತಿ ಕಂಡರೆ ಇನ್ನೂ ಹುಷಾರು: ಮೇನ್ ಆಫ್ ಆದರೂ ಹೊರಗಿನಿಂದ ಕರೆಂಟ್ ಹರಿಯುವ ತಂತಿಗೆ ಅದೇ ಬಣ್ಣ ಕೊಡೋದು ವಾಡಿಕೆ. ಡ್ರೈವ್‌ನ ಕೆಪಾಸಿಟರ್ ಆಫ್ ಆದ ಮೇಲೂ ಚಾರ್ಜ್ ಹಿಡಿದಿರುತ್ತೆ. ಡ್ರೈವ್ ಮೇಲೆ ಬರೆದಷ್ಟು ನಿಮಿಷ ಕಾಯಿರಿ. ಸೂಪರ್‌ವೈಸರ್ ಅವಸರ ಮಾಡಿದರೆ ಮಾಡಲಿ.

• 415 ವೋಲ್ಟ್ ಮೋಟಾರ್ ಕೇಬಲ್ಲೂ 24 ವೋಲ್ಟ್ ಸೆನ್ಸರ್ ತಂತಿಯೂ ಒಂದೇ ಡಕ್ಟ್‌ನಲ್ಲಿ ಬೇಡ. ಒಂದು ಗೇಣಾದರೂ ದೂರವಿರಲಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ, ಜೊತೆಜೊತೆಗೆ ಓಡಿಸಬೇಡಿ. ಇಲ್ಲದ ಸಿಗ್ನಲ್ ಬಂದು ಸಿಲಿಂಡರ್ ತಾನಾಗಿ ಮುಂದಕ್ಕೆ ಹೋದರೆ, ಎಲ್ಲರೂ ಪ್ರೋಗ್ರಾಂ ಬರೆದವನನ್ನ ಬೈತಾರೆ, ಪಾಪ.

• 24 ವೋಲ್ಟ್ ಡಿಸಿ ಕಾಯಿಲ್‌ಗೆ ಡಯೋಡ್ ಹಾಕಿ, ದಿಕ್ಕು ನೋಡಿಕೊಂಡು. ಎಸಿ ಕಾಯಿಲ್‌ಗೆ ಆರ್‌ಸಿ ಸ್ನಬರ್.

• ಅರ್ತ್ ಬದಲಿಗೆ ನ್ಯೂಟ್ರಲ್‌ಗೆ ಸಿಕ್ಕಿಸೋ ಚಾಳಿ ಇದೆಯಲ್ಲ, ಅದನ್ನ ಇವತ್ತೇ ಬಿಡಿ. ಎಲ್ಲೋ ನ್ಯೂಟ್ರಲ್ ಕಡಿದರೆ ಪ್ಯಾನೆಲ್ ಡಬ್ಬಕ್ಕೇ ಕರೆಂಟ್. ಪ್ಯಾನೆಲ್ ಬಾಗಿಲಿಗೂ ಬೇರೆ ಅರ್ತ್ ತಂತಿ ಬೇಕು, ಕೀಲು ನಂಬಬೇಡಿ.

• ರೇಷ್ಮೆಗೂಡು ಬೇಯಿಸೋ ಕೋಣೆಯ ಹಬೆ ಪ್ಯಾನೆಲ್ ಒಳಗೆ ನೀರಾಗಿ ಕೂರುತ್ತೆ. ಕೇಬಲ್‌ಗಳನ್ನ ತಳದಿಂದ, ಗ್ಲ್ಯಾಂಡ್ ಹಾಕಿ ಒಳಗೆ ತನ್ನಿ. ಮೇಲಿಂದ ತೂತು ಕೊರೆದವರು ಮಳೆಗಾಲ ಬರಲಿ ಅಂತ ಕಾಯ್ತಿರ್ತಾರೋ ಏನೋ.

• ಎಳೆ ತಂತಿಯನ್ನ ತಿರುಚಿ ಸಿಕ್ಕಿಸಬೇಡಿ, ಫೆರೂಲ್ ಹಾಕಿ ಕ್ರಿಂಪ್ ಮಾಡಿ. ಎರಡೂ ತುದಿಗೆ ನಂಬರ್ ಇರಲಿ. ತಂತಿ ಬದಲಿಸಿದ ದಿನವೇ ಡ್ರಾಯಿಂಗ್‌ನಲ್ಲಿ ಪೆನ್ಸಿಲ್‌ನಿಂದ ತಿದ್ದಿ, ಬಾಗಿಲ ಒಳಗಿನ ಚೀಲದಲ್ಲಿಡಿ. ರಾತ್ರಿ ಪಾಳಿಯವನು ಬಂದು ಮೊದಲು ನೋಡೋದು ಅದನ್ನೇ.